ಮೂರು ಬೆರಳು ಎತ್ತರ

ಲಂಗ ನೆಲ ಗುಡಿಸತೊಡಗಿದಾಗ ಟೈಲರಮ್ಮ ಮೊದಲು ಬೈದದ್ದು ಬಟ್ಟೆಯನ್ನು. "ಎಂಥ ಹಾಳು ಬಟ್ಟೆನೋ, ಒಗೆದಷ್ಟೂ ಜೋತು ಬೀಳುತ್ತೆ!" ಅಂತ ಅಂಚು ಬಿಚ್ಚಿ, ಮೂರು ಬೆರಳು ಮಡಚಿ ಹೊಲಿದಳು. ಕಂಡವರ ಅಳತೆಯನ್ನೆಲ್ಲ ಕಣ್ಣಲ್ಲೇ ಹಿಡಿಯುವ ಹೆಂಗಸಿಗೆ, ಕುಗ್ಗುತ್ತಿರುವುದು ತಾನೇ ಅಂತ ಹೊಳೆಯಲಿಲ್ಲ ನೋಡಿ. ಹೊಳೆಯೋದಾದರೂ ಹೇಗೆ? ವಯಸ್ಸು ಇನ್ನೂ ನಲವತ್ತೈದು.

ಒಂದು ದಿನ ಬಟ್ಟೆಗಂಟು ಎತ್ತಲು ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಬೆನ್ನುಮೂಳೆ ಕುಸಿದಿದೆ ಅಂದರು ಮೂಳೆ ಡಾಕ್ಟರು. "ಮುಟ್ಟು ಯಾವಾಗ ನಿಂತಿದ್ದು?"

"ಮೂವತ್ತಮೂರಕ್ಕೇ ಗರ್ಭಕೋಶ ತೆಗೆದ್ರು ಸಾರ್. ರಕ್ತ ಜಾಸ್ತಿ ಹೋಗ್ತಿತ್ತು. ಬಿಟ್ರೆ ಕ್ಯಾನ್ಸರ್ ಆಗುತ್ತೆ ಅಂತ ಕ್ಲಿನಿಕ್ಕಿನ ಡಾಕ್ಟರಮ್ಮ ಹೆದರಿಸಿದ್ರು."

ಸ್ಕ್ಯಾನ್ ಮಾಡಿಸಿದರೆ ಅಂಡಾಶಯಗಳೂ ಇಲ್ಲ! ಗರ್ಭಕೋಶದ ಜೊತೆಗೇ ಅವನ್ನೂ ಕತ್ತರಿಸಿ ಹಾಕಿದ್ದರು, ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ. ಅಷ್ಟು ಚಿಕ್ಕ ವಯಸ್ಸಿಗೆ ಅವು ಹೋದರೆ ಮೂಳೆ ಬೇಗ ಟೊಳ್ಳಾಗುತ್ತೆ, ಆಗಲೇ ಔಷಧಿ ಶುರು ಮಾಡಬೇಕಿತ್ತು ಅಂದರು ಮೂಳೆ ಡಾಕ್ಟರು. ಟೈಲರಮ್ಮ ಅಳಲಿಲ್ಲ, ಹಲ್ಲು ಕಡಿದಳು. ಥೂ, ಆ ಡಾಕ್ಟರಮ್ಮನಿಗೆ ಬಿಳಿ ಕೋಟು ಹೊಲಿದುಕೊಟ್ಟ ಕೈಗಳಲ್ಲವೇ ಇವು!

ಅವಳಿಗೊಂದು ಗತಿ ಕಾಣಿಸದೆ ಬಿಡಲ್ಲ ಅಂತ ಹಾಸಿಗೆಯಲ್ಲೇ ಕುದಿಯುತ್ತಿದ್ದಾಗ ಅಕ್ಕನ ಫೋನು ಬಂತು. ಅಕ್ಕನ ಮಗಳಿಗೂ ರಕ್ತ ಜಾಸ್ತಿ, ಅದೇ ಡಾಕ್ಟರಮ್ಮ, ಅದೇ ಕ್ಯಾನ್ಸರಿನ ಗುಮ್ಮ. ಹುಡುಗಿಗೆ ಇನ್ನೂ ಮೂವತ್ತು ತುಂಬಿಲ್ಲ, ಮಧ್ಯಾಹ್ನವೇ ಆಪರೇಷನ್ನಂತೆ. ಟೈಲರಮ್ಮ ಸೊಂಟಕ್ಕೆ ಬೆಲ್ಟು ಬಿಗಿದು, ಅಂಚು ಮಡಚದ ಹಳೇ ಲಂಗವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಕ್ಲಿನಿಕ್ಕಿನ ಬೆಂಚುಗಳ ತುಂಬ ಹೆಂಗಸರು. ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದಳು. "ನೋಡ್ರಮ್ಮ, ಇವಳು ನನಗಿಂತ ಐದು ವರ್ಷ ದೊಡ್ಡವಳು. ಇಬ್ಬರಿಗೂ ಒಂದೇ ಅಳತೆ ಲಂಗ ಹೊಲೀತಿದ್ದೆ." ಲಂಗ ಅಕ್ಕನ ಸೊಂಟಕ್ಕೆ ಹಿಡಿದರೆ ಹಿಮ್ಮಡಿಗೆ ಸರಿಯಾಗಿ ನಿಂತಿತು. ತನ್ನ ಸೊಂಟಕ್ಕೆ ಹಿಡಿದರೆ ನೆಲಕ್ಕೆ ಬಿದ್ದು ಮುದುಡಿಕೊಂಡಿತು. "ಇಲ್ಲಿ ಗರ್ಭಕೋಶದ ಜೊತೆ ಅಂಡಾಶಯಾನೂ ಹೇಳ್ದೆ ತೆಗೆದ್ರು, ಅದಕ್ಕೇ ಮೂಳೆ ಟೊಳ್ಳಾಗಿ ನಾನು ಹೀಗೆ ಕುಗ್ಗಿದ್ದು."

ಡಾಕ್ಟರಮ್ಮ ಹೊರಗೆ ಬಂದಳು. "ಏನಮ್ಮ ಇದು ಗಲಾಟೆ? ವಯಸ್ಸಾದ ಮೇಲೆ ಎಲ್ಲರೂ ಕುಗ್ತಾರೆ."

"ಹೌದಾ? ಹಾಗಾದ್ರೆ ನಮ್ಮಕ್ಕನಿಗೆ ವಯಸ್ಸೇ ಆಗಿಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ಅಕ್ಕನ ಮಗಳು ಚಪ್ಪಲಿ ಮೆಟ್ಟಿಕೊಂಡಳು. "ನಡಿ ಚಿಕ್ಕಮ್ಮ, ಬೇರೆ ಕಡೆ ತೋರಿಸೋಣ." ಬೇರೆ ಕಡೆ ಮಾತ್ರೆಯಲ್ಲೇ ರಕ್ತ ಹತೋಟಿಗೆ ಬಂತು.

ಅಷ್ಟಕ್ಕೆಲ್ಲ ಹೊಟ್ಟೆಗೆ ಬಿದ್ದ ಬೆಂಕಿ ಆರುತ್ತಾ? ಟೈಲರಮ್ಮ ಕ್ಲಿನಿಕ್ಕಿನ ಎದುರಿನ ಮಳಿಗೆಗೇ ಮಿಷನ್ನು ಸಾಗಿಸಿದಳು. ಬಾಗಿಲಿಗೆ ಆ ಲಂಗ ನೇತುಹಾಕಿದಳು. ಕ್ಲಿನಿಕ್ಕಿಗೆ ಬಂದ ಹೆಂಗಸರನ್ನೆಲ್ಲ ಕರೆದು ಲಂಗದ ಕಥೆ ಹೇಳಿ, "ಒಳಗೆ ಏನೇನು ತೆಗೀತಾರೆ, ಯಾಕೆ ತೆಗೀತಾರೆ, ಕೇಳ್ದೆ ಮಾತ್ರ ಮಲಗಬೇಡ ತಾಯಿ" ಅನ್ನುತ್ತಿದ್ದಳು. ನೋಡನೋಡುತ್ತಿದ್ದಂತೆ ಬೆಂಚುಗಳು ಖಾಲಿಯಾದವು.

ಕೊನೆಗೆ ಕಾಂಪೌಂಡರ್ ಬಂದು ನಿಂತ. "ಏನು ಕೊಟ್ರೆ ಇಲ್ಲಿಂದ ಎದ್ದು ಹೋಗ್ತೀಯ ಅಂತ ಮೇಡಂ ಕೇಳಿದ್ರು."

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಮೂರು ಬೆರಳು ಎತ್ತರ ವಾಪಸ್ ಕೊಡೋಕೆ ಹೇಳು. ಇವತ್ತೇ ಹೋಗ್ತೀನಿ."