ದೀಪ ಹಚ್ಚದ ಉದ್ಘಾಟನೆ

ಕೆ.ಆರ್. ನಗರದ ಹೊರಗೆ ತವಡಿನಿಂದ ಎಣ್ಣೆ ತೆಗೆಯುವ ಕಾರ್ಖಾನೆ ಶುರುವಾದಾಗ ನಾನು ಅಲ್ಲಿ ಸುರಕ್ಷತಾ ಅಧಿಕಾರಿಯಾಗಿ ಸೇರಿದೆ. ಗಾವಡಗೆರೆಯ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ, ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿದವಳು. ಸುರಕ್ಷತೆ ಎಂದ ಕೂಡಲೇ ನಮ್ಮ ನೆಂಟರಿಗೆಲ್ಲ ನಾನು ಡಿಗ್ರಿ ಮಾಡಿ ವಾಚ್‌ಮನ್ ಆದವಳಾಗಿಬಿಟ್ಟೆ.

ಅಕ್ಕಿ ಗಿರಣಿಗಳಿಂದ ಬಂದ ತವಡಿನ ಮೇಲೆ ಹೆಕ್ಸೇನ್ ಎಂಬ ದ್ರಾವಕ ಸುರಿಯುತ್ತಾರೆ. ಅದು ತವಡಿನೊಳಗಿನ ಎಣ್ಣೆಯನ್ನು ಎಳೆದುಕೊಂಡು ಕೆಳಗಿಳಿಯುತ್ತದೆ. ದೂರದ ಬಾಯ್ಲರಿನಿಂದ ಬರುವ ಹಬೆಯಲ್ಲಿ ಕಾಯಿಸಿದರೆ ಹೆಕ್ಸೇನ್ ಆವಿಯಾಗಿ ಎಣ್ಣೆ ಉಳಿಯುತ್ತದೆ. ಆವಿಯನ್ನು ತಣಿಸಿ ಹಿಡಿದು ಮತ್ತೆ ತವಡಿಗೇ ಸುರಿಯುತ್ತಾರೆ. ಈ ಹೆಕ್ಸೇನ್ ಪೆಟ್ರೋಲಿನ ದಾಯಾದಿ. ಅದರ ಆವಿ ಗಾಳಿಗಿಂತ ಭಾರ. ಎಲ್ಲಾದರೂ ಸೋರಿದರೆ ಕಣ್ಣಿಗೆ ಕಾಣದೆ ನೆಲದುದ್ದಕ್ಕೂ ಹರಿಯುತ್ತಾ ಕಿಡಿ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಆ ಕಟ್ಟಡದೊಳಗೆ ಬೀಡಿ, ಬೆಂಕಿಪೊಟ್ಟಣ, ಮೊಬೈಲ್ ಯಾವುದೂ ಇಲ್ಲ. ಕಿಡಿ ಹಾರದಿರಲೆಂದು ಸುತ್ತಿಗೆ ಕೂಡ ಹಿತ್ತಾಳೆಯದು.

ಯಜಮಾನರು ರೈಸ್‌ಮಿಲ್ಲಿನಿಂದ ಮೇಲೆ ಬಂದವರು. ನನ್ನ ನಿಯಮಗಳಿಗೆಲ್ಲ ಸಂತೋಷದಿಂದ ಒಪ್ಪಿದ್ದರು. ಒಂದು ಬೆಳಿಗ್ಗೆ ಉದ್ಘಾಟನೆಯ ಆಹ್ವಾನಪತ್ರಿಕೆ ಕೈಗಿತ್ತರು. ಎಣ್ಣೆ ತೆಗೆಯುವ ಕಟ್ಟಡದೊಳಗೇ ಹೋಮ, ನಂತರ ತಾಲ್ಲೂಕಿನ ರಾಜಕೀಯ ನಾಯಕರಿಂದ ದೀಪ ಬೆಳಗುವುದು, ಕೊನೆಗೆ ಬಾಗಿಲಲ್ಲಿ ಪಟಾಕಿ.

"ಸರ್, ಒಳಗೆ ಹೆಕ್ಸೇನ್ ತುಂಬಿದೀವಿ. ಬೆಂಕಿಕಡ್ಡಿ ಗೀರೋದೂ ಅಪಾಯ" ಎಂದೆ.

"ಅದು ಬೀಡಿ ಬೆಂಕಿಗೆ ಕಣವ್ವಾ. ದೇವ್ರ ಬೆಂಕಿ ಏನ್ ಮಾಡ್ತದೆ?"

"ಯಾವ ಬೆಂಕಿ ಯಾರದ್ದು ಅಂತ ಹೆಕ್ಸೇನಿಗೆ ಗೊತ್ತಾಗಲ್ಲ ಸರ್."

"ನಿಂಗೆ ದೇವ್ರ ಮ್ಯಾಲೆ ನಂಬ್ಕೆ ಇಲ್ವಾ?"

"ಇದೆ ಸರ್. ಆದ್ರೆ ಇಷ್ಟು ಬೇಗ ಹೋಗಿ ನೋಡೋ ಅವಸರ ಇಲ್ಲ."

ಅವರು ನಗಲಿಲ್ಲ. ಪತ್ರಿಕೆ ಹಂಚಿ ಆಗಿತ್ತು.

ಉದ್ಘಾಟನೆಯ ಹಿಂದಿನ ದಿನ ಹೋಮಕುಂಡಕ್ಕೆ ಜಾಗ ನೋಡಲು ಪುರೋಹಿತರು ಬಂದರು. ನಾನು ಅವರ ಫೋನ್ ಇಸಿದುಕೊಂಡು ಒಳಗೆ ಕರೆದೊಯ್ದು, ಟ್ಯಾಂಕು, ಕೊಳವೆ, ವಾಸನೆ ಎಲ್ಲವನ್ನೂ ವಿವರಿಸಿದೆ.

"ಅಕಸ್ಮಾತ್ ಹತ್ತಿಕೊಂಡ್ರೆ ಓಡೋಕೆ ಸಮಯ ಸಿಗುತ್ತೇನಮ್ಮ?" ಎಂದು ಕೇಳಿದರು.

"ಇಲ್ಲ ಸ್ವಾಮಿ."

ಅವರು ಕಣ್ಣು ಮುಚ್ಚಿ ನಿಂತರು. ಪ್ರಾರ್ಥನೆ ಮಾಡುತ್ತಿದ್ದಾರೆ ಎಂದುಕೊಂಡೆ. ಕಣ್ಣು ತೆರೆದವರೇ ನೇರವಾಗಿ ಯಜಮಾನರ ಬಳಿ ಹೋದರು. "ನಿಮ್ಮ ಬಾಯ್ಲರ್ ಇರೋದು ಆಗ್ನೇಯ ಮೂಲೇಲಿ. ಅಗ್ನಿ ಆಗಲೇ ಅಲ್ಲಿ ಬಂದು ಕೂತುಬಿಟ್ಟಿದ್ದಾನೆ. ಅವನನ್ನ ಬಿಟ್ಟು ಇಲ್ಲಿ ಇನ್ನೊಂದು ಕುಂಡ ಇಟ್ರೆ ಅವನಿಗೆ ಅವಮಾನ" ಎಂದರು.

ಬಾಯ್ಲರ್ ಇದ್ದದ್ದು ಅಂಗಳದ ಆಚೆ ತುದಿಯಲ್ಲಿ, ಎಣ್ಣೆ ಕಟ್ಟಡದ ಸುತ್ತಲಿನ ಬೇಲಿಯ ಹೊರಗೆ. ಅಷ್ಟು ದೂರ ಇಟ್ಟವರು ಎಂಜಿನಿಯರುಗಳು, ನಾನು ಹೇಳಿದ ಅದೇ ಕಾರಣಕ್ಕೆ. ಆದರೆ ಯಜಮಾನರು ಕೈ ಮುಗಿದು, "ಮೊದ್ಲೇ ಇಂಗೆ ಬುಡಿಸಿ ಯೋಳೋರು ಯಾರೂ ಇರ್ನಿಲ್ಲ ನೋಡಿ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮಾರನೆಯ ದಿನ ನಾಯಕರು ಹಿಂಬಾಲಕರ ಸಮೇತ ಬಂದರು. ಗೇಟಿನಲ್ಲಿ ನಾನು ಪ್ಲಾಸ್ಟಿಕ್ ಬೇಸಿನ್ ಹಿಡಿದು ಬೆಂಕಿಪೊಟ್ಟಣ, ಲೈಟರು, ಫೋನು ಕಲೆಹಾಕುತ್ತಿದ್ದೆ. ಪಟಾಕಿ ಸರವನ್ನು ಹೆಗಲಿಗೆ ಹಾಕಿಕೊಂಡು ಬಂದವನೊಬ್ಬನನ್ನು ರಸ್ತೆಯ ಆಚೆಗೇ ಕಳಿಸಿದೆ.

"ನನ್ ಫೋನ್ ಆಫ್ ಆದ್ರೆ ತಾಲ್ಲೂಕೇ ನಿಂತೋಯ್ತದೆ ಕಣಮ್ಮಾ" ಎಂದರು ನಾಯಕರು. ಕೊನೆಗೆ ಕೊಟ್ಟರು. ಅವರು ಒಳಗಿದ್ದಷ್ಟು ಹೊತ್ತೂ ತಾಲ್ಲೂಕು ನಡೆಯುತ್ತಲೇ ಇತ್ತು.

ಪುರೋಹಿತರು ಬಾಯ್ಲರ್ ಮುಂದೆ ಮಂತ್ರ ಹೇಳಿದರು. ದೀಪ ಬೆಳಗುವ ಬದಲು ನಾಯಕರು ಒಂದು ಕುಕ್ಕೆ ಭತ್ತದ ಹೊಟ್ಟನ್ನು ಅದರ ಒಲೆಗೆ ಸುರಿದು, ಅಲ್ಲಿಗಷ್ಟೇ ಬಿಟ್ಟಿದ್ದ ಫೋಟೋಗ್ರಾಫರನ ಮುಂದೆ ನಿಂತರು. "ಬೆಂಕಿಯಿಂದ ಎಣ್ಣೆ ತೆಗೆಯುವ ಈ ಸಾಧನೆ" ಎಂದು ಭಾಷಣ ಮಾಡಿದರು. ತಿದ್ದಲು ನಾನು ಬಾಯಿ ತೆರೆದಾಗ ಯಜಮಾನರು ಕಣ್ಣಲ್ಲೇ ಮುಚ್ಚಿಸಿದರು.

ಆಮೇಲೆ ನಾಯಕರಿಗೆ ಎಣ್ಣೆ ನೋಡುವ ಆಸೆಯಾಯಿತು. ನಮ್ಮಲ್ಲಿ ತಯಾರಾಗುವುದು ಕಚ್ಚಾ ಎಣ್ಣೆ. ಕಾಕಂಬಿಯ ಹಾಗೆ ಕಪ್ಪು. ಟ್ಯಾಂಕರಿನಲ್ಲಿ ರಿಫೈನರಿಗೆ ಹೋಗಿ ಶುದ್ಧವಾಗಿ ಬಂದ ಮೇಲೇ ಬಾಣಲೆಗೆ ಯೋಗ್ಯ. ಪ್ರಾಯೋಗಿಕವಾಗಿ ತೆಗೆದಿದ್ದನ್ನು ಲೋಟದಲ್ಲಿ ತಂದು ತೋರಿಸಿದೆ. ಅವರು ತೀರ್ಥವೆಂದು ಭಾವಿಸಿ ಅಂಗೈಗೆ ಹಾಕಿಸಿಕೊಂಡರು.

"ಸರ್, ಅದು ಕುಡಿಯೋದಲ್ಲ!" ಎಂದು ಕೂಗಿದೆ.

ಎತ್ತಿದ ಕೈ ನಡುದಾರಿಯಲ್ಲಿ ನಿಂತಿತು. ಸುತ್ತ ಅಷ್ಟು ಜನ ನೋಡುತ್ತಿರುವಾಗ ಹಿಂದಕ್ಕೆ ತರುವಂತಿರಲಿಲ್ಲ. ಅದು ಹಾಗೇ ಮೇಲೇರಿ ಅವರ ಬೋಳುತಲೆಯ ಮೇಲೆ ಇಳಿಯಿತು. ನಾಯಕರು ಸವರಿಕೊಂಡದ್ದು ಕಂಡು ಹಿಂಬಾಲಕರೂ ಲೋಟಕ್ಕೆ ಮುಗಿಬಿದ್ದರು. ಹಿಂತಿರುಗುವಾಗ ಅವರೆಲ್ಲರ ಬಿಳಿ ಅಂಗಿಯ ಕಾಲರುಗಳು ಹಸಿರುಗಪ್ಪಾಗಿದ್ದವು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕೆಲವು ವಾರಗಳ ನಂತರ ನಾಯಕರು ಪಿರಿಯಾಪಟ್ಟಣದ ಸಭೆಯೊಂದರಲ್ಲಿ ತಲೆತುಂಬಾ ಕಪ್ಪು ಕೂದಲಿನೊಂದಿಗೆ ಕಾಣಿಸಿಕೊಂಡರು. ಅದು ವಿಗ್ ಎಂದು ಯಾರೂ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಬದಲಿಗೆ ನಮ್ಮ ಗೇಟಿಗೆ ಜನ ಬರತೊಡಗಿದರು. ರಾವಂದೂರಿನಿಂದ, ಕಂಪಲಾಪುರದಿಂದ, ಎಚ್.ಡಿ. ಕೋಟೆಯಿಂದಲೂ, ಖಾಲಿ ಬಾಟಲಿ ಹಿಡಿದು.

"ಇದು ಪೆಟ್ರೋಲಿನಂಥದ್ದು ಹಾಕಿ ತೆಗೆದಿರೋ ಎಣ್ಣೆ. ತಲೆಗಲ್ಲ ಯಜಮಾನ್ರೇ, ಶುದ್ಧ ಮಾಡಿ ಅಡುಗೆಗೆ ಬಳಸೋದು" ಎಂದು ಕಂಪಲಾಪುರದ ರೈತರೊಬ್ಬರಿಗೆ ಬಿಡಿಸಿ ಹೇಳಿದೆ.

ಅವರು ಹೌಹಾರಿದರು. "ಪೆಟ್ರೋಲ್ ಆಕಿ ತೊಳ್ದಿರೋ ಎಣ್ಣೇಲಿ ಅಡ್ಗೆಯಾ? ಅಯ್ಯಯ್ಯೋ, ತಿನ್ನೋಕ್ ಬ್ಯಾಡ ಬುಡಿ. ತಲ್ಗೆ ಅಚ್ಕೊಳಕ್ಕೆ ಒಂದೀಟು ಕೊಡ್ರವ್ವಾ ಸಾಕು."

ಬೇಸತ್ತು ಗೇಟಿಗೆ ಫಲಕ ಬರೆಸಿದೆ: 'ಇಲ್ಲಿ ಕೂದಲಿನ ಎಣ್ಣೆ ದೊರೆಯುವುದಿಲ್ಲ.' ಅಂದಿನಿಂದ ಜನ ಇನ್ನೂ ಹೆಚ್ಚಾದರು. ಒಂದೇ ವ್ಯತ್ಯಾಸವೆಂದರೆ, ಫಲಕ ಓದಿದವರು ಬಾಟಲಿಯನ್ನು ಟವೆಲಿನಲ್ಲಿ ಮುಚ್ಚಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಪಿಸುದನಿಯಲ್ಲಿ ಕೇಳುತ್ತಿದ್ದರು.