ಚರ್ಚಿನಲ್ಲಿ ಒಣಗಿದ ಹಾಸು

ಮೊನ್ನೆ ಮಗಳು ಹೊಸ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಮೂಗಿಗೆ ಬಂತು. ಆಕೆಗೆ ಅದು ಸೇರದು. ತೊಳೆದೇ ಉಡುತ್ತೇನೆ ಅಂದಳು. ನನಗೆ ಮಾತ್ರ ಗಜೇಂದ್ರಗಡದ ಚರ್ಚು ನೆನಪಾಯಿತು... ಅದರ ಜೊತೆಗೆ ಅವ್ವಾರು.

ಅವ್ವಾರು ಅಂದರೆ ಅಲ್ಲಿನ ಪಾದ್ರಿಯವರ ಹೆಂಡತಿ. ನಾನು ನೇಕಾರರ ಓಣಿಗೆ ಸೊಸೆಯಾಗಿ ಬಂದಾಗ ನಮ್ಮ ಮನೆಯ ಎದುರಿಗೇ ಚರ್ಚಿತ್ತು. ಬ್ರಿಟಿಷರ ಕಾಲದ ಕಲ್ಲಿನ ಕಟ್ಟಡ, ಎತ್ತರದ ಕಿಟಕಿಗಳು, ಬೇಸಿಗೆಯಲ್ಲೂ ತಣ್ಣಗಿನ ನೆಲ. ಸಂತೆಗೆ ಬಂದ ಹಳ್ಳಿಯವರು ಯಾರಾದರೂ ನೆರಳಿಗೆಂದು ಬಾಗಿಲಲ್ಲಿ ನಿಂತರೆ ಸಾಕು, ‘ಒಳಗ ಬರ್ರಿ, ಹೊರಗ್ಯಾಕ ನಿಂತೀರಿ?’ ಎಂದು ಅವ್ವಾರು ಗದರಿಸಿಯೇ ಕರೆಯುತ್ತಿದ್ದರು. ಅವರ ಪ್ರೀತಿಗೆ ಸ್ವಲ್ಪ ಜೋರು ಜಾಸ್ತಿ.

ಒಂದು ಶನಿವಾರ ಮಾವ ಹಾಸಿನ ನೂಲಿಗೆ, ಅಂದರೆ ಸೀರೆಯ ಉದ್ದನೆಯ ಎಳೆಗಳಿಗೆ, ಗಂಜಿ ಹಚ್ಚಿ ಒಣಗಲೆಂದು ಓಣಿಯುದ್ದಕ್ಕೂ ಎಳೆದು ಕಟ್ಟಿದ್ದರು. ಇದ್ದಕ್ಕಿದ್ದಂತೆ ಮಳೆ ಹನಿಯತೊಡಗಿತು. ಹಸಿ ನೂಲನ್ನು ಸುತ್ತಿಟ್ಟರೆ ಎಳೆಗೆ ಎಳೆ ಅಂಟಿ ಇಡೀ ಹಾಸೇ ಹಾಳು; ಮಗ್ಗ ಸುಮ್ಮನೆ ಕೂರಬೇಕು, ನಾವೂ. ಮಾವ ತಲೆಯ ಮೇಲೆ ಕೈ ಹೊತ್ತು ಕೂತೇಬಿಟ್ಟರು.

ಅವ್ವಾರು ಚರ್ಚಿನ ದೊಡ್ಡ ಬಾಗಿಲು ತೆಗೆದು ಕೂಗಿದರು, ‘ನೋಡ್ಕೋತ ಕುಂತ್ರ ಹ್ಯಾಂಗ್ರಿ? ಲಗೂ ಒಳಗ ತರ್ರಿ!’

ಬಾಗಿಲಿನಿಂದ ದೇವರ ಪೀಠದವರೆಗೆ ನಡುದಾರಿಯಲ್ಲಿ ಹಾಸು ಕಟ್ಟಿದೆವು. ಮಳೆ ನಿಲ್ಲಲಿಲ್ಲ, ಬೆಳಗಾದರೂ ನೂಲು ಹಸಿಯಾಗಿಯೇ ಇತ್ತು. ಭಾನುವಾರದ ಪ್ರಾರ್ಥನೆ ಬೇರೆ! ಮಾವ ನಾಚಿಕೊಂಡು, ಬಿಚ್ಚಿಕೊಂಡು ಹೋಗುತ್ತೇವೆ ಎಂದರು.

‘ಗಂಡಸರು ಆ ಕಡೆ, ಹೆಂಗಸರು ಈ ಕಡೆ ಕೂಡತಾರ. ನಡಕ ನಿಮ್ಮ ನೂಲು ಇದ್ರ ಯಾರಿಗೇನ್ ತ್ರಾಸ್ರಿ?’ ಎಂದರು ಅವ್ವಾರು.

ಜನ ಬಂದರು, ಸೆರಗು ಮುದುರಿಕೊಂಡು ಗೋಡೆಯ ಬದಿಯಿಂದ ಹೋಗಿ ಕೂತರು. ಪಾದ್ರಿಯವರು ಊರಿನ ರೋಗಿಗಳಿಗಾಗಿ ಪ್ರಾರ್ಥಿಸಿ, ಕೊನೆಗೆ ಈ ನೂಲೂ ಕೆಡದಿರಲಿ ಎಂದು ಸೇರಿಸಿದರು. ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಮಾವ ಕಣ್ಣೊರೆಸಿಕೊಂಡರು. ಸಂಜೆಗೆ ಹಾಸು ಚೆನ್ನಾಗಿ ಒಣಗಿತ್ತು.

ಮುಂದೆ ಪಾದ್ರಿಯವರಿಗೆ ವರ್ಗವಾಯಿತು. ನಾವೂ ಮಗ್ಗ ಬಿಟ್ಟು ರೋಣಕ್ಕೆ ಬಂದೆವು. ಎಲ್ಲೋ ದೂರದ ಊರಿನಲ್ಲಿ ಅವ್ವಾರು ತೀರಿಕೊಂಡರೆಂಬ ಸುದ್ದಿ ನಮಗೆ ತಲುಪುವಷ್ಟರಲ್ಲಿ... ಬಹಳ ತಡವಾಗಿತ್ತು.

ಮಗಳ ಸೀರೆಯ ವಾಸನೆ ಬಂದ ಮರುದಿನವೇ ಭಾನುವಾರ; ಗಜೇಂದ್ರಗಡದ ಆ ಚರ್ಚಿಗೆ ಹೋದೆ. ಹೆಂಗಸರ ಕಡೆ ಒಬ್ಬಾಕೆ ಸರಿದು ಜಾಗ ಕೊಟ್ಟಳು. ‘ಯಾರ ಪೈಕಿರಿ ನೀವು?’ ಎಂದು ಮೆಲ್ಲಗೆ ಕೇಳಿದಳು.

‘ಅವ್ವಾರ ಪೈಕಿ’ ಅಂದೆ.

‘ಯಾವ ಅವ್ವಾರ್ರಿ?’

ಸುತ್ತ ನೋಡಿದೆ, ಗುರುತಿನ ಮುಖ ಒಂದೂ ಇರಲಿಲ್ಲ. ಅಷ್ಟು ಜನ ತುಂಬಿದ ಚರ್ಚಿನಲ್ಲಿ ಅವರನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ.