ತಂಗಡಿ ಕೊಯ್ಯದ ಗ್ಯಾಂಗ್‌ಮನ್
ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಹೋಗುವ ರಸ್ತೆಯ ಬದಿಯಲ್ಲಿ ಯಾವ ಗಿಡ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವನು ಇಂಜಿನಿಯರಲ್ಲ, ರಸ್ತೆ ರಿಪೇರಿಯ ಗ್ಯಾಂಗ್‌ಮನ್ ಓಬುಳೇಶ. ತಿರುವುಗಳಲ್ಲಿ ನೆಲ ಕಾಣುವಂತೆ ಸವರುತ್ತಾನೆ; ಉಳಿದ ಕಡೆ ಹಳದಿ ಹೂ ಬಿಟ್ಟ ತಂಗಡಿ ಗಿಡಕ್ಕೆ ಅವನ ಕುಡುಗೋಲು ತಾಗುವುದಿಲ್ಲ. ಇಂಜಿನಿಯರ್ ಸಾಹೇಬರು ಜೀಪು ನಿಲ್ಲಿಸಿ ಗದರಿದರೆ, "ಪೂತ ಅಯಿಪೋನಿ ಸಾರ್, ಹೂವು ಮುಗೀಲಿ, ಕಾಯಿ ಕಟ್ಟಿದ್ ಮ್ಯಾಲೆ ಕೊಯ್ತೀನಿ, ನೀವು ಹೊರಡಿ" ಎಂದು ಅವರನ್ನೇ ಕಳಿಸಿಕೊಡುತ್ತಾನೆ. ಜೇನು ಕಿವಿಯ ಮೇಲೆ ಕೂತರೆ ಅದಾಗಿಯೇ ಏಳುವತನಕ ಕತ್ತು ತಿರುಗಿಸುವುದಿಲ್ಲ. ೨೦೦೪ರಲ್ಲಿ ಮಾತ್ರ, ಯಾರೋ ದೊಡ್ಡವರು ಬರುತ್ತಾರೆಂದು, ಹೂವಿದ್ದ ತಂಗಡಿಯನ್ನೂ ಬಿಡದೆ ಮೈಲಿಗಟ್ಟಲೆ ಬೋಳಿಸಿದ್ದ. ಆ ಸಲ ರಸ್ತೆ ಪಕ್ಕದ ಹೊಲದಲ್ಲಿ ಅವನ ಹೆಂಡತಿ ಓಬಕ್ಕ ದಿನಾ ಬೆಳಗ್ಗೆ ಕುಂಬಳದ ಗಂಡುಹೂ ಕಿತ್ತು, ಅದರ ಪರಾಗವನ್ನು ಹೆಣ್ಣುಹೂಗಳಿಗೆ ಒಂದೊಂದಾಗಿ ಸವರುತ್ತಿದ್ದಳು. ನೋಡುತ್ತ ನಿಂತ ಗಂಡನಿಗೆ ತಲೆ ಎತ್ತದೆ ಹೇಳಿದಳು: "ಜೇನ್‌ಹುಳ ಬರ್ಲಿಲ್ಲ. ಅದ್ರ ಕೆಲ್ಸ ನಾನ್ ಮಾಡ್ತಾ ಇದೀನಿ."